ಮನೆಗಳಲ್ಲಿ ಕಳ್ಳತನ ಎಚ್ಚರಿಕೆ ಅಲಾರಂ ಅಳವಡಿಕೆ: ಅಳವಡಿಸುವವರಿಗೆ ಉಪಯುಕ್ತ ಮಾಹಿತಿ

ಮನೆಯೊಳಗೆ ಅಕ್ರಮವಾಗಿ ಪ್ರವೇಶಿಸುವವರನ್ನು ಗುರುತಿಸಿ, ಸದ್ದು ಮಾಡಿ, ಮನೆಯವರಿಗೂ ನೆರೆಹೊರೆಯವರಿಗೂ ಸೂಚನೆ ನೀಡುವ ವಿದ್ಯುನ್ಮಾನ ವ್ಯವಸ್ಥೆಯನ್ನು ಕಳ್ಳತನ ಎಚ್ಚರಿಕೆ ಅಲಾರಂ ಎಂದು ಕರೆಯಲಾಗುತ್ತದೆ. ಇದರಲ್ಲಿ ಸಾಮಾನ್ಯವಾಗಿ ಒಂದು ನಿಯಂತ್ರಣ ಪ್ಯಾನಲ್, ಗುಪ್ತಸಂಖ್ಯೆ ಒತ್ತುವ ಕೀಪ್ಯಾಡ್, ಬಾಗಿಲು ಕಿಟಕಿಗಳಿಗೆ ಮ್ಯಾಗ್ನೆಟ್ ಸ್ವಿಚ್‌ಗಳು, ಕೋಣೆಗಳಲ್ಲಿ ಚಲನೆಯನ್ನು ಗುರುತಿಸುವ ಸೆನ್ಸರ್‌ಗಳು, ಸೈರನ್ ಹಾಗೂ ವಿದ್ಯುತ್ ಕಡಿತದ ವೇಳೆಗೆ ಒಂದು ಬ್ಯಾಟರಿ ಇರುತ್ತವೆ. ಉಪಕರಣದೊಂದಿಗೆ ಬರುವ ಕೈಪಿಡಿಯಲ್ಲಿ ಯಾವ ತಂತಿಯನ್ನು ಎಲ್ಲಿಗೆ ಜೋಡಿಸಬೇಕೆಂಬ ವಿವರ ಇರುತ್ತದೆ. ಆದರೆ ಕರ್ನಾಟಕದ ಹವಾಮಾನ, ಇಲ್ಲಿನ ಮನೆಗಳ ರಚನೆ ಮತ್ತು ಮನೆಯವರ ದಿನಚರಿಗೆ ಹೊಂದುವಂತೆ ಅದನ್ನು ಅಳವಡಿಸುವ ಬಗೆ ಕೈಪಿಡಿಯಲ್ಲಿ ದೊರೆಯುವುದಿಲ್ಲ. ಅಂತಹ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಅಲಾರಂ ವ್ಯವಸ್ಥೆಯೊಂದು ವಿಫಲವಾಗುವುದು ಹೆಚ್ಚಾಗಿ ಕಳ್ಳನ ಜಾಣತನದಿಂದಲ್ಲ. ಕಾರಣವಿಲ್ಲದೆ ಎರಡು ಮೂರು ರಾತ್ರಿ ಸೈರನ್ ಕೂಗಿದರೆ ಮನೆಯವರು ಅದನ್ನು ಆಫ್ ಮಾಡಿ ಇಡುತ್ತಾರೆ. ಒಮ್ಮೆ ಆಫ್ ಆದದ್ದು ಪುನಃ ಆನ್ ಆಗುವುದು ಅಪರೂಪ. ನೆರೆಯವರೂ ಪದೇ ಪದೇ ಕೇಳಿದ ಸೈರನ್‌ಗೆ ಕಿವಿಗೊಡುವುದನ್ನು ಬಿಡುತ್ತಾರೆ. ಆದುದರಿಂದ ಸುಳ್ಳು ಎಚ್ಚರಿಕೆಗಳನ್ನು ತಡೆಗಟ್ಟುವುದು ಅಳವಡಿಸುವವರ ಮೊದಲ ಕರ್ತವ್ಯವಾಗಿದೆ. ವ್ಯವಸ್ಥೆಯಲ್ಲಿ ದೋಷ ಉಂಟಾದಾಗ ಅದು ಮನೆಯವರ ಗಮನಕ್ಕೆ ತಾನಾಗಿಯೇ ಬರುವಂತೆ ಮಾಡುವುದು ಎರಡನೆಯದು.

ಕೆಲಸಕ್ಕೆ ಮುನ್ನ ಮನೆಯ ಪರಿಶೀಲನೆ

ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಅರ್ಧ ಗಂಟೆಯನ್ನಾದರೂ ಮನೆಯವರೊಂದಿಗೆ ಮಾತನಾಡುವುದಕ್ಕೆ ಮೀಸಲಿಡುವುದು ಸೂಕ್ತ. ಬೆಳಿಗ್ಗೆ ಮೊದಲು ಎದ್ದು ಬಾಗಿಲು ತೆರೆಯುವವರು ಯಾರು ಎಂಬ ಪ್ರಶ್ನೆ ಚಿಕ್ಕದೆನಿಸಿದರೂ ಬಹಳ ಉಪಯುಕ್ತವಾದುದು. ನಸುಕಿನಲ್ಲಿ ಅಂಗಳ ಗುಡಿಸಿ ರಂಗೋಲಿ ಹಾಕಲು, ಹಾಲು ತೆಗೆದುಕೊಳ್ಳಲು ಅಥವಾ ಹಿತ್ತಿಲಲ್ಲಿ ನೀರೊಲೆ ಹೊತ್ತಿಸಲು ಹೋಗುವ ಹಿರಿಯರಿಗೆ ಕೀಪ್ಯಾಡ್ ಬಳಸಲು ಬಾರದಿದ್ದರೆ, ಮೊದಲ ವಾರದಲ್ಲಿಯೇ ಬೀದಿಯವರೆಲ್ಲ ಎಚ್ಚರಗೊಳ್ಳುತ್ತಾರೆ. ಇಂತಹ ಮನೆಯಲ್ಲಿ ರಾತ್ರಿಯ ವ್ಯವಸ್ಥೆಯು ನಿಗದಿತ ವೇಳೆಗೆ ತಾನಾಗಿಯೇ ನಿಲ್ಲುವಂತೆ ಪ್ಯಾನಲ್‌ನಲ್ಲಿ ಸಮಯ ನಿಗದಿಪಡಿಸಬಹುದು, ಅಥವಾ ಆ ವ್ಯಕ್ತಿಗೆ ಒಂದೇ ಗುಂಡಿಯ ರಿಮೋಟ್ ನೀಡಬಹುದು. ರಾತ್ರಿ ಶೌಚಾಲಯಕ್ಕೆ ಎದ್ದು ಹೋಗುವ ದಾರಿ, ಸಾಕಿದ ಬೆಕ್ಕು ನಾಯಿ, ದೇವರ ಮನೆಯಲ್ಲಿ ರಾತ್ರಿಯಿಡೀ ಉರಿಯುವ ನಂದಾದೀಪ, ಇವುಗಳನ್ನೂ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಮನೆಯ ಹಿಂಭಾಗವನ್ನು ಮುಂಭಾಗಕ್ಕಿಂತ ಹೆಚ್ಚು ಗಮನದಿಂದ ನೋಡಬೇಕು. ಮುಂಬಾಗಿಲಿಗೆ ಗ್ರಿಲ್, ಬೀಗ, ದೀಪ ಎಲ್ಲವೂ ಇರುತ್ತವೆ. ಹಿತ್ತಿಲ ಬಾಗಿಲಿಗೆ ಹಳೆಯ ಅಗುಳಿಯೊಂದೇ ಇರುತ್ತದೆ. ತಾರಸಿಗೆ ಹೋಗುವ ಮೆಟ್ಟಿಲ ಬಾಗಿಲು ಬಹುತೇಕ ಎಲ್ಲರೂ ಮರೆಯುವ ಸ್ಥಳ. ಕರಾವಳಿ ಮತ್ತು ಮಲೆನಾಡಿನ ಮಂಗಳೂರು ಹೆಂಚಿನ ಮನೆಗಳಲ್ಲಿ ಹೆಂಚು ಸರಿಸಿ ಒಳಗಿಳಿಯಲು ಅವಕಾಶ ಇರುವುದರಿಂದ, ಎಲ್ಲ ಬಾಗಿಲುಗಳಿಗೆ ಸ್ವಿಚ್ ಹಾಕಿದರೂ ಸಾಲದು. ಛಾವಣಿಗೆ ಸೆನ್ಸರ್ ಹಾಕುವ ಪ್ರಯತ್ನ ಇಲಿ, ಬಾವಲಿಗಳ ದೆಸೆಯಿಂದ ಸಾಮಾನ್ಯವಾಗಿ ಕೆಡುತ್ತದೆ. ಬದಲಾಗಿ, ಒಳಗಿಳಿದವನು ಎಲ್ಲಿಗೆ ಹೋಗಬೇಕಾದರೂ ದಾಟಲೇಬೇಕಾದ ಪಡಸಾಲೆ ಅಥವಾ ನಡುಮನೆಯಲ್ಲಿ ಒಂದು ಚಲನಾ ಸೆನ್ಸರ್ ಇಡುವುದು ಉತ್ತಮ.

ಬಾಗಿಲು ಮತ್ತು ಕಿಟಕಿಗಳ ಮ್ಯಾಗ್ನೆಟ್ ಸ್ವಿಚ್

ರೀಡ್ ಸ್ವಿಚ್ ಇರುವ ಭಾಗವನ್ನು ಚೌಕಟ್ಟಿಗೂ ಮ್ಯಾಗ್ನೆಟ್ಟನ್ನು ಕದಕ್ಕೂ ಜೋಡಿಸಬೇಕು. ಹೀಗೆ ಮಾಡಿದಲ್ಲಿ ತಂತಿ ಅಲುಗಾಡುವುದಿಲ್ಲ. ಕೀಲುಗಳಿರುವ ಬದಿಯಲ್ಲಿ ಜೋಡಿಸಿದರೆ ಬಾಗಿಲು ಸಾಕಷ್ಟು ತೆರೆದ ನಂತರವೇ ಸ್ವಿಚ್ ಕೆಲಸ ಮಾಡುವುದರಿಂದ, ಕೀಲಿನಿಂದ ದೂರದ ಮೇಲ್ಮೂಲೆಯನ್ನು ಆರಿಸಿಕೊಳ್ಳಲಾಗುತ್ತದೆ.

ಮಳೆಗಾಲದಲ್ಲಿ ಮರದ ಕದ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾರ್ಚ್ ತಿಂಗಳಲ್ಲಿ ಸರಿಯಾಗಿ ಕೂರಿಸಿದ ಸ್ವಿಚ್ ಜುಲೈನಲ್ಲಿ ಕದ ಪೂರ್ತಿ ಮುಚ್ಚದೆ ತೊಂದರೆ ಕೊಡುವುದು ಇದರಿಂದಲೇ. ತಯಾರಕರು ತಿಳಿಸಿರುವ ಗರಿಷ್ಠ ಅಂತರದ ಅರ್ಧದಷ್ಟನ್ನು ಮಾತ್ರ ಬಳಸಿದಲ್ಲಿ ಎರಡೂ ಋತುಗಳಿಗೆ ಅವಕಾಶ ಉಳಿಯುತ್ತದೆ. ಜೋಡಿಸಿದ ನಂತರ ಬಾಗಿಲಿಗೆ ಅಗುಳಿ ಹಾಕಿ, ಹೊರಗಿನಿಂದ ಒಮ್ಮೆ ಜೋರಾಗಿ ತಳ್ಳಿ, ಒಮ್ಮೆ ಎಳೆದು ನೋಡಬೇಕು. ಗಾಳಿಗೆ ಹಳೆಯ ಬಾಗಿಲು ಅಷ್ಟೇ ಅಲುಗುತ್ತದೆ. ಆಗ ಪ್ಯಾನಲ್ ಯಾವುದೇ ಸೂಚನೆ ನೀಡಬಾರದು. ಅಗುಳಿ ತೆಗೆದು ಬಾಗಿಲನ್ನು ನಿಧಾನವಾಗಿ ತೆರೆದಾಗ, ಕೈ ಒಳಗೆ ತೂರುವಷ್ಟು ಸಂದು ಆಗುವುದರೊಳಗೆ ಸೂಚನೆ ಬರಬೇಕು. ಈ ಎರಡೂ ಪರೀಕ್ಷೆಗಳು ಅಗತ್ಯ. ಮೊದಲನೆಯದನ್ನು ಮಾತ್ರ ಮಾಡಿ ಹೋಗುವುದು ಸರಿಯಲ್ಲ.

ಕಬ್ಬಿಣದ ಬಾಗಿಲು ಮತ್ತು ಗ್ರಿಲ್‌ಗಳಿಗೆ ಸಾಮಾನ್ಯ ಮ್ಯಾಗ್ನೆಟ್ ಅಂಟಿಸಿದಲ್ಲಿ ಕಬ್ಬಿಣವೇ ಕಾಂತಶಕ್ತಿಯನ್ನು ಸೆಳೆದುಕೊಂಡು ಸ್ವಿಚ್‌ಗೆ ಅದು ಸಾಕಷ್ಟು ತಲುಪುವುದಿಲ್ಲ. ಲೋಹದ ಬಾಗಿಲಿಗೆಂದೇ ತಯಾರಿಸಿದ ದೊಡ್ಡ ಸ್ವಿಚ್ ಬಳಸಬೇಕು, ಇಲ್ಲವೇ ಎರಡೂ ಭಾಗಗಳ ಕೆಳಗೆ ಪ್ಲಾಸ್ಟಿಕ್ ಅಥವಾ ಮರದ ತುಂಡನ್ನು ಇಟ್ಟು ಲೋಹದಿಂದ ದೂರ ಮಾಡಬೇಕು.

ಚಲನೆಯನ್ನು ಗುರುತಿಸುವ ಸೆನ್ಸರ್

ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ದೇಹದ ಶಾಖದ ಅವರಕ್ತ ಕಿರಣಗಳನ್ನು ಗ್ರಹಿಸುವ ಪಿಐಆರ್ ಸೆನ್ಸರ್. ಇದು ಶಾಖವನ್ನು ಅಳೆಯುವುದಿಲ್ಲ. ಹಿನ್ನೆಲೆಗಿಂತ ಭಿನ್ನವಾದ ಶಾಖವೊಂದು ತನ್ನ ದೃಷ್ಟಿಪಟ್ಟಿಗಳನ್ನು ದಾಟಿದಾಗ ಉಂಟಾಗುವ ಬದಲಾವಣೆಯನ್ನು ಗುರುತಿಸುತ್ತದೆ. ಆದಕಾರಣ ಸೆನ್ಸರ್ ಕಡೆಗೆ ನೇರವಾಗಿ ನಡೆದು ಬರುವವನಿಗಿಂತ ಅಡ್ಡಲಾಗಿ ದಾಟುವವನನ್ನು ಅದು ಬೇಗ ಗುರುತಿಸುತ್ತದೆ. ಬಾಗಿಲಿನ ಎದುರು ಗೋಡೆಯಲ್ಲಿ ಇಡುವುದಕ್ಕಿಂತ, ಒಳಬರುವವನು ಅಡ್ಡ ಹಾಯುವಂತೆ ಪಕ್ಕದ ಮೂಲೆಯಲ್ಲಿ, ನೆಲದಿಂದ 2.1 ರಿಂದ 2.4 ಮೀಟರ್ ಎತ್ತರದಲ್ಲಿ ಇಡುವುದು ಫಲಕಾರಿ. ಸಾಧಾರಣ ಗಾಜು ಈ ಕಿರಣಗಳನ್ನು ಹಾಯಗೊಡುವುದಿಲ್ಲ. ಗಾಜಿನ ಕಿಟಕಿಯ ಮೂಲಕ ಹೊರಗಿನ ಅಂಗಳವನ್ನು ಕಾಯಬಹುದೆಂದು ಭಾವಿಸುವುದು ತಪ್ಪು.

ಬಿಸಿಲು ನೇರವಾಗಿ ಬೀಳುವ ಜಾಗ, ಫ್ರಿಜ್‌ನ ಮೇಲ್ಭಾಗ, ಏರ್ ಕಂಡೀಷನರ್‌ನ ಗಾಳಿ ಬೀಸುವ ದಿಕ್ಕು, ದೇವರ ದೀಪದ ಎದುರು ಇವುಗಳನ್ನು ತಪ್ಪಿಸಬೇಕು. ಮನೆಯವರು ಫ್ಯಾನ್ ಆಫ್ ಮಾಡದೆ ಹೊರಟಾಗ ಅಲುಗುವ ಪರದೆ ಅಥವಾ ಒಳಗೆ ಒಣಹಾಕಿದ ಬಟ್ಟೆಯೂ ಸುಳ್ಳು ಎಚ್ಚರಿಕೆಗೆ ಕಾರಣವಾಗಬಲ್ಲದು. ಸಾಕುಪ್ರಾಣಿಗಳನ್ನು ಲೆಕ್ಕಿಸುವುದಿಲ್ಲವೆಂದು ಹೇಳುವ ಸೆನ್ಸರ್‌ಗಳು ಪ್ರಾಣಿ ನೆಲದ ಮೇಲಿರುವವರೆಗೆ ಮಾತ್ರ ಹಾಗೆ ವರ್ತಿಸುತ್ತವೆ. ಬೀರುವಿನ ಮೇಲೆ ಹತ್ತುವ ಬೆಕ್ಕಿಗೆ ಈ ಭರವಸೆ ಅನ್ವಯಿಸುವುದಿಲ್ಲ.

ನಮ್ಮ ರಾಜ್ಯದಲ್ಲಿ ಈ ಸೆನ್ಸರ್‌ಗಳ ದೊಡ್ಡ ಶತ್ರು ಹಲ್ಲಿ ಮತ್ತು ಇರುವೆ. ಮಸೂರದ ಮೇಲೆಯೇ ಹರಿದಾಡುವ ಹಲ್ಲಿ, ಸೆನ್ಸರ್‌ನ ಕಣ್ಣಿಗೆ ಕೋಣೆಯ ತುದಿಯಲ್ಲಿರುವ ಮನುಷ್ಯನಷ್ಟೇ ದೊಡ್ಡದು. ತಂತಿ ಒಳಹೋಗುವ ರಂಧ್ರವನ್ನು ತೆರೆದಿಟ್ಟಲ್ಲಿ ಇರುವೆಗಳು ಒಳಗೆ ಗೂಡುಮಾಡುತ್ತವೆ. ಜೋಡಣೆ ಮುಗಿದ ನಂತರ ಆ ರಂಧ್ರವನ್ನೂ ಗೋಡೆ ಮತ್ತು ಸೆನ್ಸರ್ ನಡುವಿನ ಸಂದನ್ನೂ ಸಿಲಿಕೋನ್‌ನಿಂದ ಮುಚ್ಚಬೇಕು. ಟ್ಯೂಬ್‌ಲೈಟ್ ಹತ್ತಿರ ಹುಳುಗಳು ಸೇರುತ್ತವೆ, ಹುಳುಗಳಿದ್ದಲ್ಲಿ ಹಲ್ಲಿ ಇರುತ್ತದೆ. ಆದ್ದರಿಂದ ದೀಪದಿಂದ ಸಾಧ್ಯವಾದಷ್ಟು ದೂರದ ಮೂಲೆಯೇ ಲೇಸು.

ಕಲಬುರಗಿ, ರಾಯಚೂರು, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಚ್ಚಿದ ಮನೆಯ ಗೋಡೆಗಳು ಮನುಷ್ಯನ ಚರ್ಮದಷ್ಟೇ ಬಿಸಿಯಾದಾಗ ಹಿನ್ನೆಲೆಗೂ ದೇಹಕ್ಕೂ ವ್ಯತ್ಯಾಸ ಕಡಿಮೆಯಾಗಿ ಸೆನ್ಸರ್ ಮಂದವಾಗುತ್ತದೆ. ಈ ಭಾಗಗಳಲ್ಲಿ ತಾಪಮಾನಕ್ಕೆ ತಕ್ಕಂತೆ ಸೂಕ್ಷ್ಮತೆಯನ್ನು ಹೊಂದಿಸಿಕೊಳ್ಳುವ ಸೆನ್ಸರ್ ಅಥವಾ ಪಿಐಆರ್ ಜೊತೆಗೆ ಮೈಕ್ರೋವೇವ್ ಗ್ರಹಿಕೆಯೂ ಇರುವ ಸೆನ್ಸರ್‌ಗಳನ್ನು ಪರಿಗಣಿಸಬಹುದು. ಎರಡನೆಯ ಬಗೆಯಲ್ಲಿ ಸಾಮಾನ್ಯವಾಗಿ ಎರಡೂ ಗ್ರಹಿಸಿದರೆ ಮಾತ್ರ ಎಚ್ಚರಿಕೆ ಬರುವುದರಿಂದ ಸುಳ್ಳು ಎಚ್ಚರಿಕೆ ಕಡಿಮೆಯಾಗುತ್ತದೆಯೇ ಹೊರತು ಪಿಐಆರ್‌ನ ಮಂದತೆ ನೀಗುವುದಿಲ್ಲ. ಖರೀದಿಸುವ ಮುನ್ನ ಯಾವ ರೀತಿ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳಬೇಕು. ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನದಲ್ಲಿ ಒಮ್ಮೆ ನಡಿಗೆ ಪರೀಕ್ಷೆ ಮಾಡುವುದು ಎಲ್ಲಕ್ಕಿಂತ ಖಚಿತವಾದ ಮಾರ್ಗ.

ತಂತಿ, ಬೆಸುಗೆ ಮತ್ತು ಕೊನೆಯ ರೆಸಿಸ್ಟರ್

ಪ್ರತಿ ವಲಯದ ತಂತಿಯ ಕೊನೆಯಲ್ಲಿ ಒಂದು ರೆಸಿಸ್ಟರ್ ಜೋಡಿಸಲು ಪ್ಯಾನಲ್ ತಯಾರಕರು ಸೂಚಿಸಿರುತ್ತಾರೆ. ಪ್ಯಾನಲ್ ಸದಾ ಈ ರೆಸಿಸ್ಟರ್‌ನ ಮೌಲ್ಯವನ್ನು ಓದುತ್ತಿರುತ್ತದೆ. ತಂತಿ ತುಂಡಾದರೆ ಅಥವಾ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಓದು ಬದಲಾಗಿ ದೋಷ ತಿಳಿಯುತ್ತದೆ. ರೆಸಿಸ್ಟರ್‌ಗಳನ್ನು ಸೆನ್ಸರ್‌ಗಳ ಬಳಿ ಹಾಕುವ ಬದಲು ಎಲ್ಲವನ್ನೂ ಪ್ಯಾನಲ್ ಪೆಟ್ಟಿಗೆಯೊಳಗೇ ಜೋಡಿಸಿ ಕೆಲಸ ಮುಗಿಸುವ ರೂಢಿ ಕೆಲವರಲ್ಲಿದೆ. ಇದರಿಂದ ಹತ್ತು ನಿಮಿಷ ಉಳಿಯುತ್ತದೆ. ಆದರೆ ಆ ನಂತರ ಗೋಡೆಯಲ್ಲಿ ಎಲ್ಲಿಯಾದರೂ ಇಲಿ ಕಡಿದು ಎರಡು ತಂತಿ ತಾಗಿಕೊಂಡರೆ ಆ ವಲಯ ಎಂದೆಂದಿಗೂ ‘ಮುಚ್ಚಿದೆ’ ಎಂದೇ ಪ್ಯಾನಲ್ ತಿಳಿಯುತ್ತದೆ. ಬಾಗಿಲು ತೆರೆದರೂ ಸದ್ದಾಗುವುದಿಲ್ಲ, ಮತ್ತು ಇದು ಯಾರಿಗೂ ಗೊತ್ತಾಗುವುದಿಲ್ಲ. ರೆಸಿಸ್ಟರ್ ಇರಬೇಕಾದ ಸ್ಥಳ ತಂತಿಯ ಕೊನೆಯ ಸೆನ್ಸರ್‌ನೊಳಗೆ ಮಾತ್ರ.

ಕರಾವಳಿಯ ಉಪ್ಪುಗಾಳಿ ಮತ್ತು ಮಲೆನಾಡಿನ ತೇವದಲ್ಲಿ, ಹೊಸೆದು ಟೇಪ್ ಸುತ್ತಿದ ಜೋಡಣೆಗಳು ಕೆಲವು ಮಳೆಗಾಲಗಳಲ್ಲಿ ಹಸಿರು ಕಿಲುಬು ಹಿಡಿಯುತ್ತವೆ. ಜೋಡಣೆಯನ್ನು ಸಾಧ್ಯವಾದಷ್ಟು ತಪ್ಪಿಸಿ, ಅನಿವಾರ್ಯವಾದಲ್ಲಿ ಬೆಸುಗೆ ಹಾಕಿ ಶಾಖಕ್ಕೆ ಕುಗ್ಗುವ ತೋಳು ಹೊದಿಸಬೇಕು. ಇದರೊಂದಿಗೆ ಅನುಭವಿ ಕೆಲಸಗಾರರು ಅನುಸರಿಸುವ ಸರಳ ಉಪಾಯವೊಂದಿದೆ. ಕೆಲಸ ಮುಗಿದ ದಿನ ಪ್ರತಿ ವಲಯದ ತಂತಿಯನ್ನು ಪ್ಯಾನಲ್‌ನಿಂದ ಬಿಡಿಸಿ, ಮಲ್ಟಿಮೀಟರ್‌ನಿಂದ ಅದರ ಒಟ್ಟು ರೋಧವನ್ನು ಅಳೆದು, ದಿನಾಂಕ ಸಹಿತ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಡುವುದು. ಉದಾಹರಣೆಗೆ, 5,600 ಓಂ ರೆಸಿಸ್ಟರ್ ಇರುವ ವಲಯದಲ್ಲಿ ಮೊದಲ ದಿನ 5,605 ಓಂ ಬಂದು, ಮರುವರ್ಷ 5,800 ಓಂ ಬಂದಿತೆಂದರೆ ಎಲ್ಲಿಯೋ ಜೋಡಣೆ ಕಿಲುಬುತ್ತಿದೆ ಅಥವಾ ಸ್ಕ್ರೂ ಸಡಿಲಗೊಂಡಿದೆ ಎಂದು ಅರ್ಥ. ವ್ಯವಸ್ಥೆ ಕೆಡುವ ಮೊದಲೇ ದೋಷ ಸಿಗುತ್ತದೆ. ಮೊದಲ ದಿನದ ಅಂಕಿ ಇಲ್ಲದಿದ್ದರೆ ಎರಡನೆಯ ಅಂಕಿಗೆ ಬೆಲೆಯಿಲ್ಲ.

ಅಲಾರಂ ತಂತಿಗಳನ್ನು 230 ವೋಲ್ಟ್ ತಂತಿಗಳಿರುವ ಕೊಳವೆಯಲ್ಲಿ ಎಳೆಯಕೂಡದು. ಸಾಧ್ಯವಾದಲ್ಲಿ 30 ಸೆಂಟಿಮೀಟರ್ ಅಂತರವಿರಲಿ. ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು. ಮುರಕಲ್ಲಿನ ಗೋಡೆ ಡ್ರಿಲ್ಲಿಗೆ ಪುಡಿಯಾಗುವುದರಿಂದ ಉದ್ದನೆಯ ಪ್ಲಗ್ ಬಳಸುವುದು ಒಳ್ಳೆಯದು.

ತಂತಿಯ ದಪ್ಪವೂ ಮುಖ್ಯ. 0.22 ಚದರ ಮಿಲಿಮೀಟರ್‌ನ ಸಾಮಾನ್ಯ ಅಲಾರಂ ತಂತಿ 30 ಮೀಟರ್ ದೂರ ಹೋಗಿ ಬರುವಾಗ ಸುಮಾರು 4.7 ಓಂ ರೋಧ ಒಡ್ಡುತ್ತದೆ. 15 ಮಿಲಿಆಂಪಿಯರ್ ಬಳಸುವ ಸೆನ್ಸರ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ 1 ಆಂಪಿಯರ್ ಎಳೆಯುವ ಸೈರನ್‌ಗೆ ಅದೇ ತಂತಿಯನ್ನು ಬಳಸಿದಲ್ಲಿ 4.7 ವೋಲ್ಟ್ ದಾರಿಯಲ್ಲೇ ಕಳೆದುಹೋಗಿ ಸೈರನ್ ನರಳುವಂತೆ ಸದ್ದು ಮಾಡುತ್ತದೆ. 0.75 ಚದರ ಮಿಲಿಮೀಟರ್ ತಂತಿಯಲ್ಲಿ ಈ ನಷ್ಟ ಸುಮಾರು 1.4 ವೋಲ್ಟ್‌ಗೆ ಇಳಿಯುತ್ತದೆ.

ವಿದ್ಯುತ್ ಪೂರೈಕೆ ಮತ್ತು ಬ್ಯಾಟರಿ

ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡುವುದು ನಮ್ಮಲ್ಲಿ ಬಹಳ ಮನೆಗಳ ಪದ್ಧತಿ. ಅಲಾರಂ ಅತಿ ಹೆಚ್ಚು ಅಗತ್ಯವಿರುವ ದಿನಗಳಲ್ಲಿಯೇ ಅದರ ವಿದ್ಯುತ್ ನಿಲ್ಲುತ್ತದೆ. ಆಗ ಏನಾಗುತ್ತದೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಪ್ಯಾನಲ್ 90, ಕೀಪ್ಯಾಡ್ 50 ಮತ್ತು ನಾಲ್ಕು ಸೆನ್ಸರ್‌ಗಳು ಒಟ್ಟು 60 ಮಿಲಿಆಂಪಿಯರ್ ಬಳಸುತ್ತವೆಂದು ಭಾವಿಸಿದಲ್ಲಿ ಒಟ್ಟು 200 ಮಿಲಿಆಂಪಿಯರ್ ಆಗುತ್ತದೆ. ಸಾಮಾನ್ಯವಾಗಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಹೆಚ್ಚೆಂದರೆ 35 ಗಂಟೆ ನಡೆಯುತ್ತದೆ. ಶುಕ್ರವಾರ ಸಂಜೆ 6 ಗಂಟೆಗೆ ಮೇನ್ ಆಫ್ ಮಾಡಿ ಹೋದರೆ ಭಾನುವಾರ ನಸುಕಿನ 5 ಗಂಟೆಗೆ ಅಲಾರಂ ಸತ್ತಿರುತ್ತದೆ. ಬ್ಯಾಟರಿ ಹಳತಾಗಿ ಶಕ್ತಿ ಅರ್ಧಕ್ಕೆ ಇಳಿದಿದ್ದರೆ ಶನಿವಾರ ಮಧ್ಯಾಹ್ನದೊಳಗೇ. ಒಂದು ವಾರದ ಪ್ರವಾಸಕ್ಕೆ ಹೋದವರ ಮನೆ ಉಳಿದ ದಿನಗಳಲ್ಲಿ ಕಾವಲಿಲ್ಲದೆ ಇರುತ್ತದೆ.

ಪರಿಹಾರ ಸುಲಭ. ಪ್ಯಾನಲ್‌ಗೆ ಪ್ರತ್ಯೇಕ ಎಂಸಿಬಿ ಹಾಕಿಸಿ, ಉಳಿದ ಎಂಸಿಬಿಗಳನ್ನು ಆಫ್ ಮಾಡಿದರೂ ಅದು ಆನ್ ಉಳಿಯುವಂತೆ ಮಾಡಬೇಕು. ಅದರ ಪಕ್ಕದಲ್ಲಿ ‘ಅಲಾರಂ – ಆಫ್ ಮಾಡಬೇಡಿ’ ಎಂದು ಕನ್ನಡದಲ್ಲಿ ಅಂಟಿಸಬೇಕು. 230 ವೋಲ್ಟ್‌ಗೆ ಸಂಬಂಧಿಸಿದ ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಹಾಲ್‌ನಲ್ಲಿ ಕಾಣುವ ಸಾಕೆಟ್‌ಗೆ ಪ್ಲಗ್ ಸಿಕ್ಕಿಸಿ ಹೋಗುವುದು ಯಾವ ಕಾರಣಕ್ಕೂ ಬೇಡ. ಮೊಬೈಲ್ ಚಾರ್ಜ್ ಮಾಡಲು ಯಾರಾದರೂ ಅದನ್ನು ಕಿತ್ತೇ ಕೀಳುತ್ತಾರೆ.

ಶಾಖ ಹೆಚ್ಚಿದಂತೆ ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧವಾಗುತ್ತದೆಂಬುದು ಸಾಮಾನ್ಯ ಲೆಕ್ಕ. ಆದ್ದರಿಂದ ಪ್ಯಾನಲನ್ನು ಶೀಟಿನ ಕೆಳಗೆ ಅಥವಾ ಅಟ್ಟದಲ್ಲಿ ಬಚ್ಚಿಡದೆ ಮನೆಯ ತಂಪಾದ ಒಳಕೋಣೆಯಲ್ಲಿ ಇಡಬೇಕು. ಬ್ಯಾಟರಿಯನ್ನು ಪರೀಕ್ಷಿಸುವಾಗ ಬರಿದೇ ವೋಲ್ಟೇಜ್ ಅಳೆದರೆ ಸತ್ತ ಬ್ಯಾಟರಿಯೂ ಚೆನ್ನಾಗಿರುವಂತೆ ಕಾಣಬಹುದು. ವಿದ್ಯುತ್ ಕಡಿತಗೊಳಿಸಿ, ಸೈರನ್ ಕೂಗಿಸಿ, ಆಗ ಅಳೆಯಬೇಕು. ಬದಲಾಯಿಸಿದ ಹಳೆಯ ಬ್ಯಾಟರಿಯನ್ನು ಕಸಕ್ಕೆ ಎಸೆಯುವಂತಿಲ್ಲ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಜಾರಿಯಲ್ಲಿದ್ದು, ಅದನ್ನು ಮಾರಾಟಗಾರರಿಗೆ ಅಥವಾ ಅಧಿಕೃತ ಸಂಗ್ರಹಣೆಗೆ ನೀಡಬೇಕು.

ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಹೊರಗಿನ ಸೈರನ್ ಮತ್ತು ಗೇಟಿನ ಸ್ವಿಚ್‌ಗೆ ಹೋಗುವ ಉದ್ದನೆಯ ತಂತಿಗಳೇ ಸಿಡಿಲಿನ ವೋಲ್ಟೇಜನ್ನು ಒಳಗೆ ತರುತ್ತವೆ. ವಿದ್ಯುತ್ ಪೂರೈಕೆಗೆ ಸರ್ಜ್ ರಕ್ಷಕ, ಮನೆಗೆ ಸರಿಯಾದ ಅರ್ಥಿಂಗ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಸೈರನ್ ಮತ್ತು ಸೂಚನೆ ಕಳುಹಿಸುವ ವ್ಯವಸ್ಥೆ

ಹೊರಗಿನ ಸೈರನ್ ಸೂರಿನ ಕೆಳಗೆ, ಏಣಿಯಿಲ್ಲದೆ ಕೈಗೆಟುಕದ ಎತ್ತರದಲ್ಲಿರಲಿ. ತಂತಿಯು ಪೆಟ್ಟಿಗೆಯನ್ನು ಪ್ರವೇಶಿಸುವ ಮೊದಲು ಕೆಳಕ್ಕೆ ಬಾಗಿ ಮೇಲೇರುವಂತಿದ್ದರೆ ಮಳೆನೀರು ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಒಳಗೂ ಒಂದು ಸೈರನ್ ಇದ್ದಲ್ಲಿ ಒಂದನ್ನು ಕಿತ್ತರೂ ಇನ್ನೊಂದು ಕೂಗುತ್ತದೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10 ರಿಂದ ಬೆಳಿಗ್ಗೆ 6 ರವರೆಗೆ ಶಬ್ದದ ಮಟ್ಟ 45 ಡೆಸಿಬಲ್ ಎಂದು ನಿಗದಿಯಾಗಿದೆ. ಸೈರನ್ ಇಡೀ ರಾತ್ರಿ ಕೂಗುವಂತೆ ಬಿಡದೆ, ಐದು ನಿಮಿಷಗಳಲ್ಲಿ ತಾನಾಗಿ ನಿಲ್ಲುವಂತೆ ಹೊಂದಿಸುವುದು ನೆರೆಯವರ ದೃಷ್ಟಿಯಿಂದಲೂ ಬ್ಯಾಟರಿಯ ದೃಷ್ಟಿಯಿಂದಲೂ ಉಚಿತ.

ಮೊಬೈಲ್ ಸಿಮ್ ಮೂಲಕ ಕರೆ ಮಾಡುವ ಪ್ಯಾನಲ್‌ಗಳಲ್ಲಿ ಸಿಮ್ ಮನೆಯವರ ಹೆಸರಿನಲ್ಲಿರಬೇಕು. ರೀಚಾರ್ಜ್ ಮುಗಿದು ಹೊರಕರೆ ನಿಂತಿರುವುದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದಿರುವ ಸಂಭವ ಉಂಟು. ಪ್ರತಿ ತಿಂಗಳು ಒಂದನೇ ತಾರೀಖು ಪರೀಕ್ಷಾ ಕರೆ ಮಾಡುವುದನ್ನು ಮನೆಯವರಿಗೆ ರೂಢಿ ಮಾಡಿಸಬೇಕು. ಹಳೆಯ 2ಜಿ ಪ್ಯಾನಲ್‌ಗಳಿಗೆ ಎಲ್ಲ ಕಂಪನಿಗಳ ಸಿಮ್ ಹೊಂದುವುದಿಲ್ಲ. ಹೊಸದಾಗಿ ಕೊಳ್ಳುವಾಗ 4ಜಿ ಇರುವುದನ್ನು ಆರಿಸಬಹುದು. ವೈಫೈ ಅವಲಂಬಿಸಿದ ಅಲಾರಂಗಳಲ್ಲಿ ವಿದ್ಯುತ್ ಹೋದೊಡನೆ ರೂಟರ್ ಆಫ್ ಆಗುವುದರಿಂದ ರೂಟರ್‌ಗೂ ಚಿಕ್ಕ ಯುಪಿಎಸ್ ಬೇಕು. ಕರೆಯ ಪಟ್ಟಿಯಲ್ಲಿ ಮನೆಯವರ ಸಂಖ್ಯೆಯ ನಂತರ, ಅದೇ ಬೀದಿಯಲ್ಲಿ ವಾಸಿಸುವ ಒಬ್ಬರ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಸೇರಿಸಬೇಕು. ದೂರದ ಊರಿನಲ್ಲಿರುವ ಮಗನಿಗೆ ಕರೆ ಹೋದರೆ ಅವರು ಮಾಡಬಹುದಾದುದು ಕಡಿಮೆ. ಹೊರಗಿನಿಂದ ನೋಡಿ ಅನುಮಾನ ಬಂದವರು ತಾವು ಒಳಗೆ ಹೋಗದೆ 112 ಸಂಖ್ಯೆಗೆ ಕರೆ ಮಾಡುವಂತೆ ತಿಳಿಸಬೇಕು.

ತಂತಿರಹಿತ ಸೆನ್ಸರ್‌ಗಳ ಬಗ್ಗೆ ಒಂದು ಮಾತು. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಬೀರು ಮತ್ತು ಗ್ರಿಲ್‌ಗಳು ಸಂಕೇತವನ್ನು ತಡೆಯುತ್ತವೆ. ಗೋಡೆಗೆ ಸ್ಕ್ರೂ ಹಾಕುವ ಮೊದಲು ಸೆನ್ಸರನ್ನು ಟೇಪಿನಿಂದ ಅಂಟಿಸಿ, ಎಲ್ಲ ಬಾಗಿಲುಗಳನ್ನು ಮುಚ್ಚಿ ಪರೀಕ್ಷಿಸಬೇಕು. ನಿಯತವಾಗಿ ತಾನು ಇರುವುದನ್ನು ಪ್ಯಾನಲ್‌ಗೆ ವರದಿ ಮಾಡುವ ಸೆನ್ಸರ್‌ಗಳನ್ನೇ ಆರಿಸಿಕೊಂಡಲ್ಲಿ, ಬ್ಯಾಟರಿ ಮುಗಿದ ಸೆನ್ಸರ್ ಮೌನವಾಗಿ ಸತ್ತಿರುವ ಅಪಾಯ ತಪ್ಪುತ್ತದೆ.

ಮನೆಯವರಿಗೆ ಒಪ್ಪಿಸುವಾಗ

ಕಾರ್ಖಾನೆಯಿಂದ ಬಂದ 1234, 0000 ಮುಂತಾದ ಗುಪ್ತಸಂಖ್ಯೆಗಳನ್ನೂ ಅಳವಡಿಸುವವರ ಪ್ರತ್ಯೇಕ ಸಂಖ್ಯೆಯನ್ನೂ ಬದಲಾಯಿಸಿದ ನಂತರವೇ ವ್ಯವಸ್ಥೆಯನ್ನು ಒಪ್ಪಿಸಬೇಕು. ಎಲ್ಲ ಗ್ರಾಹಕರ ಮನೆಗೂ ಒಂದೇ ಸಂಖ್ಯೆ ಇಡುವುದು ಅನುಕೂಲವೆನಿಸಬಹುದು. ಒಬ್ಬ ಸಹಾಯಕ ಕೆಲಸ ಬಿಟ್ಟು ಹೋದ ದಿನ ಆ ಎಲ್ಲ ಮನೆಗಳೂ ತೆರೆದಂತೆಯೇ ಸರಿ. ಮನೆಯವರು ಗುಪ್ತಸಂಖ್ಯೆ ಒತ್ತುವಾಗ ಅಳವಡಿಸುವವರು ಬೇರೆಡೆ ತಿರುಗಿ ನಿಲ್ಲುವುದು ವೃತ್ತಿ ಮರ್ಯಾದೆ.

ಬಳಕೆಯನ್ನು ಮನೆಯ ಯಜಮಾನರಿಗೆ ಮಾತ್ರ ತೋರಿಸಿ ಹೋಗುವುದರಿಂದ ಪ್ರಯೋಜನವಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು, ಹಿರಿಯರು ಹಾಗೂ ಶಾಲೆಯಿಂದ ಮೊದಲು ಮನೆಗೆ ಬರುವ ಮಕ್ಕಳು ತಮ್ಮ ಕೈಯಿಂದಲೇ ಒಮ್ಮೆ ಆನ್, ಒಮ್ಮೆ ಆಫ್ ಮಾಡಬೇಕು. ಒಳಬಂದ ಮೇಲೆ ಗುಪ್ತಸಂಖ್ಯೆ ಒತ್ತಲು ನೀಡುವ ಕಾಲಾವಕಾಶವನ್ನು, ಅವರಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಬೀಗ ತೆಗೆದು ಕೀಪ್ಯಾಡ್ ತಲುಪುವ ಸಮಯವನ್ನು ಗಡಿಯಾರದಲ್ಲಿ ನೋಡಿ ನಿಗದಿಪಡಿಸಬೇಕು. ಮೊದಲ ಒಂದು ವಾರ ಹೊರಗಿನ ಸೈರನ್ ತಂತಿಯನ್ನು ಬಿಡಿಸಿಟ್ಟು ಒಳಗಿನ ಸಣ್ಣ ಸದ್ದಿನಲ್ಲಿ ಮಾತ್ರ ವ್ಯವಸ್ಥೆಯನ್ನು ನಡೆಸಿ, ಎಂಟನೆಯ ದಿನ ಬಂದು ಪ್ಯಾನಲ್‌ನ ದಾಖಲೆಯಲ್ಲಿ ಯಾವ ವಲಯ ಎಷ್ಟು ಬಾರಿ ಕಾರಣವಿಲ್ಲದೆ ಎಚ್ಚರಿಸಿದೆ ಎಂದು ನೋಡಿ ಸರಿಪಡಿಸಿದ ಮೇಲೆ ಹೊರಗಿನ ಸೈರನ್ ಜೋಡಿಸುವುದು ಉತ್ತಮ ಪದ್ಧತಿ. ಈ ಎರಡನೆಯ ಭೇಟಿಯ ಶುಲ್ಕವನ್ನು ಆರಂಭದ ದರಪಟ್ಟಿಯಲ್ಲಿಯೇ ಸೇರಿಸಿ ಗ್ರಾಹಕರಿಗೆ ತಿಳಿಸತಕ್ಕದ್ದು.